ವಿಯೆನ್ನಾದಲ್ಲಿ ಅರಮನೆ ಒಂದು ಸಾಕು, ಸಂಗೀತ ದಿನಾ ಬೇಕು

ಪ್ರಶ್ನೆ: ನಾವು ಮೈಸೂರಿನವರು. ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್ ಕೊನೆಯಲ್ಲಿ ನಾನು, ನನ್ನ ತಾಯಿ, ಮಗಳು ಮೂವರೂ ವಿಯೆನ್ನಾಕ್ಕೆ ಹೋಗುತ್ತಿದ್ದೇವೆ. ಶುಕ್ರವಾರ ಮಧ್ಯಾಹ್ನ ಟ್ರೈನಿನಲ್ಲಿ ತಲುಪಿ ಮಂಗಳವಾರ ಬೆಳಿಗ್ಗೆ ಹೊರಡಬೇಕು. ಅಮ್ಮನಿಗೆ 68 ವರ್ಷ. ವೀಣೆ ಪಾಠ ಹೇಳಿದವರು, ಮೊಣಕಾಲು ನೋವಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಮಗೆ ಗೊತ್ತಿಲ್ಲ. ಇಂಟರ್‌ನೆಟ್‌ನಲ್ಲಿ ಅರಮನೆಗಳ ಉದ್ದದ ಪಟ್ಟಿಯೇ ಇದೆ. "ನಮ್ಮೂರಲ್ಲೇ ಇಲ್ವಾ ಅರಮನೆ? ಅಷ್ಟು ದೂರ ಹೋಗಿ ಅಲ್ಲೂ ಅದೇನಾ?" ಅಂತ ಅಮ್ಮ ಕೇಳುತ್ತಾರೆ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು? ಒಪೆರಾ ಟಿಕೆಟ್ ನಮ್ಮ ಕೈಗೆ ಎಟುಕುತ್ತದಾ? ಮಧ್ಯೆ ಒಂದು ದಿನ ಹಾಲ್‌ಸ್ಟಾಟ್ ಎಂಬ ಕೆರೆ ದಂಡೆಯ ಊರಿಗೆ ಹೋಗಿ ಬರಬಹುದಾ? ನಾವು ಸಸ್ಯಾಹಾರಿಗಳು.

ಉತ್ತರ: ಮೊದಲು ನಿಮ್ಮ ಅಮ್ಮನ ಮಾತಿಗೇ ಬರುತ್ತೇನೆ. ಅವರು ಕೇಳಿದ್ದು ಸರಿಯಾಗಿದೆ. ವಿಯೆನ್ನಾಕ್ಕೆ ಹೋಗುವ ನಮ್ಮ ಜನ ಮೂರು ದಿನದಲ್ಲಿ ನಾಲ್ಕು ಅರಮನೆ ಮುಗಿಸುತ್ತಾರೆ. ಆಮೇಲೆ ಫೋಟೋ ತೆಗೆದು ನೋಡಿದರೆ ಯಾವ ಗೊಂಚಲು ದೀಪ ಯಾವ ಅರಮನೆಯದ್ದು ಅಂತ ಅವರಿಗೇ ನೆನಪಿರುವುದಿಲ್ಲ. ಸಂಜೆ ಆರು ಗಂಟೆಗೆ ಕಾಲು ಸೋತು ಹೋಟೆಲ್ ಸೇರಿಬಿಡುತ್ತಾರೆ. ಈ ಊರಿನ ನಿಜವಾದ ವಿಶೇಷ ಶುರುವಾಗುವುದೇ ಆ ಹೊತ್ತಿಗೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಒಂದೇ ಒಂದು ಅರಮನೆಯನ್ನು ಒಳಗೆ ಹೋಗಿ ಸಾವಕಾಶವಾಗಿ ನೋಡಿ. ಉಳಿದವನ್ನು ಅಂಗಳದಿಂದ, ತೋಟದಿಂದ, ಟ್ರಾಮ್ ಕಿಟಕಿಯಿಂದ ನೋಡಿದರೆ ಸಾಕು. ಉಳಿದ ಸಮಯ ಮತ್ತು ಶಕ್ತಿಯನ್ನು ಸಂಗೀತಕ್ಕೆ ಇಟ್ಟುಕೊಳ್ಳಿ. ದುಡ್ಡಿನ ಲೆಕ್ಕಕ್ಕೂ ಇದೇ ಹೊಂದುತ್ತದೆ. ಷೋನ್‌ಬ್ರುನ್ ಅರಮನೆಯ ದೊಡ್ಡ ಟಿಕೆಟ್‌ಗೆ ಒಬ್ಬರಿಗೆ ಸುಮಾರು 30 ಯೂರೋ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತದೆ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಸ್ಟೇಟ್ ಒಪೆರಾದಲ್ಲಿ ಅದನ್ನು ನಿಂತು ನೋಡುವ ಟಿಕೆಟ್ 20 ಯೂರೋ ಒಳಗೇ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಚರ್ಚ್‌ನಲ್ಲಿ ಹೈಡನ್, ಮೊಜಾರ್ಟ್ ಬರೆದ ಸಂಗೀತ ಕೇಳಲು ಟಿಕೆಟ್ಟೇ ಬೇಡ. ವಿಯೆನ್ನಾದಲ್ಲಿ ಸಂಗೀತವೇ ಅಗ್ಗ, ಅರಮನೆಯೇ ದುಬಾರಿ. ಇದು ಗೊತ್ತಿಲ್ಲದೆ ಜನ ಒಪೆರಾ ಅಂದರೆ ಶ್ರೀಮಂತರಿಗೆ ಮಾತ್ರ ಅಂತ ಹೆದರಿ ಹೊರಗಿಂದಲೇ ಫೋಟೋ ಹೊಡೆದುಕೊಂಡು ಬರುತ್ತಾರೆ.

ಅರಮನೆ, ಸಂಗೀತ ಅಂತ ಎರಡು ಪಟ್ಟಿ ಮಾಡಿಕೊಳ್ಳಲೇಬೇಡಿ. ಈ ಊರಿನಲ್ಲಿ ಅವೆರಡೂ ಒಂದೇ ಕಥೆ. ಆಸ್ಟ್ರಿಯಾವನ್ನು ಆಳಿದ ಹಾಪ್ಸ್‌ಬರ್ಗ್ ಮನೆತನದ ಆಸ್ಥಾನ ಇಲ್ಲಿತ್ತು. ದೊರೆಗಳೇ ಸಂಗೀತ ಕಲಿತವರು. ದೊರೆ ಹೀಗಿದ್ದ ಮೇಲೆ ಸುತ್ತಲಿನ ಜಮೀನುದಾರರು ಬಿಡುತ್ತಾರಾ? ಒಬ್ಬೊಬ್ಬರೂ ಮನೆಯಲ್ಲಿ ವಾದ್ಯಗಾರರನ್ನು ಸಾಕಿದರು. ಬೀಥೋವನ್ ಬದುಕಿದ್ದೂ ಇಂಥವರ ಆಸರೆಯಲ್ಲೇ. 1809ರಲ್ಲಿ ಅವನಿಗೆ ಕಾಸೆಲ್ ಎಂಬ ಊರಿನಿಂದ ಒಳ್ಳೆಯ ಕೆಲಸಕ್ಕೆ ಕರೆ ಬಂತು. ಕರೆದವನು ನೆಪೋಲಿಯನ್ನನ ತಮ್ಮ. ಆಗ ಆರ್ಚ್‌ಡ್ಯೂಕ್ ರುಡಾಲ್ಫ್, ಲೋಬ್ಕೊವಿಟ್ಸ್, ಕಿನ್ಸ್ಕಿ ಎಂಬ ಮೂವರು ಸೇರಿ ವರ್ಷಕ್ಕೆ 4,000 ಫ್ಲೋರಿನ್ ಕೊಡುತ್ತೇವೆ, ವಿಯೆನ್ನಾ ಬಿಟ್ಟು ಹೋಗಬೇಡ ಅಂತ ಕರಾರು ಮಾಡಿಕೊಂಡರು. ಆ ಲೋಬ್ಕೊವಿಟ್ಸ್ ಅರಮನೆ ಒಪೆರಾದಿಂದ ಕೆಲವೇ ನಿಮಿಷದ ದಾರಿ, ಈಗ ರಂಗಭೂಮಿಯ ಮ್ಯೂಸಿಯಂ. ಬೀಥೋವನ್ನನ ಮೂರನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) 'ಎರೊಯಿಕಾ' 1804ರಲ್ಲಿ ಮೊದಲು ನುಡಿದದ್ದು ಅಲ್ಲಿನ ಸಭಾಂಗಣದಲ್ಲಿ, ಖಾಸಗಿಯಾಗಿ. ಆ ಸಭಾಂಗಣ ಅಷ್ಟೇನೂ ದೊಡ್ಡದಲ್ಲ. ಅಷ್ಟು ಸದ್ದಿನ ಸಂಗೀತವನ್ನು ಅಷ್ಟು ಹತ್ತಿರ ಕೂತು ಕೇಳಿದವರ ಗತಿ ಏನಾಗಿರಬೇಕು!

ನಿಮ್ಮ ಅಮ್ಮನಿಗೆ ಕಾಲದ ಲೆಕ್ಕ ಸಿಗಲಿ ಅಂತ ಒಂದು ಮಾತು. ಬೀಥೋವನ್ ಹುಟ್ಟಿದ್ದು 1770, ತೀರಿಕೊಂಡದ್ದು 1827. ಅಂದರೆ ನಮ್ಮ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮೂವರೂ ಅವನ ಕಾಲದವರೇ. ಶ್ಯಾಮಾಶಾಸ್ತ್ರಿಗಳು ತೀರಿಕೊಂಡದ್ದೂ 1827ರಲ್ಲೇ. ತಂಜಾವೂರಿನ ಕಡೆ ಅಷ್ಟೆಲ್ಲ ಕೀರ್ತನೆಗಳು ಹುಟ್ಟುತ್ತಿದ್ದಾಗ ಇಲ್ಲಿ ಸಿಂಫನಿಗಳು ಹುಟ್ಟುತ್ತಿದ್ದವು.

ಮೈಸೂರಿನವರು ಅಂದಿರಲ್ಲ, ಇದನ್ನೂ ಹೇಳಿಬಿಡುತ್ತೇನೆ. ರಿಚರ್ಡ್ ಸ್ಟ್ರಾಸ್ ಎಂಬ ಸಂಗೀತಗಾರ 1919ರಿಂದ 1924ರವರೆಗೆ ವಿಯೆನ್ನಾ ಒಪೆರಾದ ನಿರ್ದೇಶಕರಲ್ಲಿ ಒಬ್ಬನಾಗಿದ್ದ. ಅವನು ಬದುಕಿನ ಕೊನೆಗೆ ಬರೆದ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆದದ್ದು 1950ರಲ್ಲಿ, ಲಂಡನ್ನಿನಲ್ಲಿ. ಅದರ ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜ ಒಡೆಯರು! ಅವರ ಪಾಶ್ಚಾತ್ಯ ಸಂಗೀತದ ಹುಚ್ಚು ಬಹಳ ದೊಡ್ಡದು. ಅರಮನೆಯ ದುಡ್ಡು ಸಂಗೀತಕ್ಕೆ ಹರಿಯುವುದು ನಿಮ್ಮ ಊರಿಗೂ ಹೊಸದಲ್ಲ, ಅಲ್ವಾ?

ಇನ್ನು ಯಾವ ಅರಮನೆ? ನಾನಾದರೆ ಷೋನ್‌ಬ್ರುನ್ ಆರಿಸುತ್ತೇನೆ. ಸೋಮವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಆ ದಿನ ವಿಯೆನ್ನಾದ ಹಲವು ಮ್ಯೂಸಿಯಂಗಳಿಗೆ ರಜೆ, ಷೋನ್‌ಬ್ರುನ್ ವರ್ಷವಿಡೀ ತೆರೆದಿರುತ್ತದೆ. ಯು4 ಮೆಟ್ರೋ ಹತ್ತಿ ಅರಮನೆಯದೇ ಹೆಸರಿನ ನಿಲ್ದಾಣದಲ್ಲಿ ಇಳಿಯಿರಿ. ಟಿಕೆಟ್ಟಿನಲ್ಲಿ ಒಳಗೆ ಹೋಗುವ ಸಮಯ ಬರೆದಿರುತ್ತದೆ. ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ಹತ್ತು ಗಂಟೆಯ ನಂತರ ಬಸ್ಸುಗಟ್ಟಲೆ ಜನ ಬರುತ್ತಾರೆ, ಕೋಣೆಯಿಂದ ಕೋಣೆಗೆ ತಳ್ಳಿಸಿಕೊಂಡೇ ಹೋಗಬೇಕು.

ಅರಮನೆಯಲ್ಲಿ 1,441 ಕೋಣೆಗಳಿವೆ. ನಮಗೆ ತೋರಿಸುವುದು ಅದರಲ್ಲಿ ಬೆರಳೆಣಿಕೆಯಷ್ಟನ್ನು, ಅದೇ ಪುಣ್ಯ. ಚಿಕ್ಕ ಸುತ್ತು, ದೊಡ್ಡ ಸುತ್ತು ಅಂತ ಎರಡು ಬಗೆಯ ಟಿಕೆಟ್ ಇದೆ. ಸಾಮಾನ್ಯವಾಗಿ ಚಿಕ್ಕದು ಸಾಕು ಅನ್ನುತ್ತೇನೆ. ನೀವು ಮಾತ್ರ ದೊಡ್ಡದನ್ನೇ ತೆಗೆದುಕೊಳ್ಳಿ. ಕಾರಣ 'ಮಿಲಿಯೋನೆನ್‌ಸಿಮ್ಮರ್' ಎಂಬ ಕೋಣೆ. ಬೆಲೆಬಾಳುವ ಮರದ ಗೋಡೆಗಳು, ಅವುಗಳ ಮೇಲೆ ಚಿನ್ನದ ಚೌಕಟ್ಟು, ಚೌಕಟ್ಟಿನೊಳಗೆ ಮೊಘಲ್ ಚಿಕಣಿ ಚಿತ್ರಗಳು. ದರ್ಬಾರು, ಬೇಟೆ, ಆನೆ, ಎಲ್ಲ ನಮ್ಮ ಕಡೆಯದ್ದೇ. ಚೌಕಟ್ಟುಗಳ ಆಕಾರ ಅಂಕುಡೊಂಕು, ಚಿತ್ರಗಳು ಚೌಕ. ಹೊಂದಲಿಲ್ಲ ಅಂತ ರಾಜಮನೆತನದವರೇ ಕತ್ತರಿ ಹಿಡಿದು ಕೂತು ಚಿತ್ರಗಳನ್ನು ತುಂಡು ಮಾಡಿ, ಬೇಕಾದ ಹಾಗೆ ಜೋಡಿಸಿ ಅಂಟಿಸಿದರಂತೆ. ಒಂದು ಚಿತ್ರದ ಕುದುರೆ ಇನ್ನೊಂದು ಚಿತ್ರದ ಅಂಗಳಕ್ಕೆ ಹೋಗಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ನಗುವೂ ಬರುತ್ತದೆ. ಗೈಡ್‌ಗಳು ಇಲ್ಲಿ ಬೇಗ ಬೇಗ ಮುಂದೆ ಕರೆದುಕೊಂಡು ಹೋಗುತ್ತಾರೆ. ನೀವು ನಿಂತು ನೋಡಿ.

ಕನ್ನಡಿ ಕೋಣೆಯಲ್ಲಿ ಅಮ್ಮನಿಗೆ ಒಂದು ಕಥೆ ಹೇಳಿ. 1762ರ ಅಕ್ಟೋಬರ್‌ನಲ್ಲಿ ಆರು ವರ್ಷದ ಮೊಜಾರ್ಟ್ ಇಲ್ಲಿ ಮಹಾರಾಣಿ ಮರಿಯಾ ತೆರೇಸಾಳ ಮುಂದೆ ನುಡಿಸಿದ. ಆಮೇಲೆ ಹುಡುಗ ಅವಳ ತೊಡೆ ಹತ್ತಿ ಕತ್ತು ತಬ್ಬಿಕೊಂಡು ಮುತ್ತು ಕೊಟ್ಟನಂತೆ. ಅವನ ಅಪ್ಪ ಲಿಯೋಪೋಲ್ಡ್ ಊರಿಗೆ ಬರೆದ ಕಾಗದದಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅಪ್ಪ ಬರೆದದ್ದು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಇದೇ ಅರಮನೆಯಲ್ಲಿ 1830ರಲ್ಲಿ ಹುಟ್ಟಿದ ಫ್ರಾನ್ಸ್ ಯೋಸೆಫ್ 68 ವರ್ಷ ಆಳಿ, 1916ರಲ್ಲಿ ಇಲ್ಲೇ ಒಂದು ಸಾದಾ ಕಬ್ಬಿಣದ ಮಂಚದ ಮೇಲೆ ತೀರಿಕೊಂಡ. ಆ ಮಂಚ ಇವತ್ತಿಗೂ ಇದೆ. ಎರಡು ವರ್ಷ ಕಳೆಯುವಷ್ಟರಲ್ಲಿ, 1918ರ ನವೆಂಬರ್ 11ರಂದು, ಅವನ ನಂತರ ಬಂದ ಕಾರ್ಲ್ ಇಲ್ಲಿನ ಚೀನೀ ಕೋಣೆಯೊಂದರಲ್ಲಿ ಅಧಿಕಾರ ಬಿಟ್ಟುಕೊಟ್ಟು ಸಹಿ ಹಾಕಿದ. ಆರು ನೂರು ವರ್ಷದ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಹೊರಗಿನ ತೋಟಕ್ಕೆ ಟಿಕೆಟ್ ಇಲ್ಲ. ಗುಡ್ಡದ ಮೇಲೆ ಗ್ಲೋರಿಯೆಟ್ ಅಂತ ಕಮಾನಿನ ಕಟ್ಟಡವಿದೆ, 1775ರದ್ದು. ಅಲ್ಲಿಂದ ಇಡೀ ಊರು ಕಾಣುತ್ತದೆ. ಅಮ್ಮ ಗುಡ್ಡ ಹತ್ತುವುದು ಬೇಡ. ತೋಟ ಸುತ್ತುವ ಪುಟಾಣಿ ಟ್ರೈನ್ ಮೇಲಿನವರೆಗೂ ಹೋಗುತ್ತದೆ. ಮೇಲೆ ಕಾಫಿ ಅಂಗಡಿಯೂ ಇದೆ.

ಹೋಫ್‌ಬುರ್ಗ್ ಊರ ನಡುವಿನ ಹಳೆಯ ಅರಮನೆ. ಒಂದೇ ಕಟ್ಟಡ ಅಲ್ಲ, ಶತಮಾನಗಳ ಕಾಲ ಕಟ್ಟುತ್ತಲೇ ಹೋದ ಒಂದು ದೊಡ್ಡ ಗುಂಪು. ಅಂಗಳಗಳಲ್ಲಿ ಯಾರು ಬೇಕಾದರೂ ಓಡಾಡಬಹುದು. ಆಸ್ಟ್ರಿಯಾದ ಅಧ್ಯಕ್ಷರ ಕಚೇರಿಯೂ ಇಲ್ಲೇ ಇದೆ. ಒಳಗಿನ ರಾಜರ ಕೋಣೆಗಳನ್ನು ಬಿಟ್ಟುಬಿಡಿ, ಷೋನ್‌ಬ್ರುನ್ ನೋಡುವವರಿಗೆ ಅದು ಪುನರಾವರ್ತನೆ. ಫ್ರಾನ್ಸ್ ಯೋಸೆಫ್‌ನ ಹೆಂಡತಿ ಎಲಿಸಬೆತ್, ಎಲ್ಲರೂ 'ಸಿಸಿ' ಅನ್ನುವ ರಾಣಿ, ಅವಳ ಮ್ಯೂಸಿಯಂ ಇಲ್ಲಿದೆ. ಮಗಳಿಗೆ ಅವಳ ಕಥೆ ಇಷ್ಟವಿದ್ದರೆ ಅವಳೊಬ್ಬಳೇ ಹೋಗಿ ಬರಲಿ.

ಇಲ್ಲಿ ದುಡ್ಡು ಕೊಟ್ಟು ನೋಡಬೇಕಾದ್ದು ಒಂದೇ, ಖಜಾನೆ. ಚಿಕ್ಕದು, ಮಬ್ಬು ಬೆಳಕು, ಒಂದೂವರೆ ಗಂಟೆ ಸಾಕು. ಸಾವಿರ ವರ್ಷದಷ್ಟು ಹಳೆಯದಾದ ಎಂಟು ಮುಖದ ಚಕ್ರವರ್ತಿ ಕಿರೀಟ ಅಲ್ಲಿದೆ. ಅದರ ಹರಳುಗಳಿಗೆ ಈಗಿನ ಹಾಗೆ ಮುಖ ಕೊರೆದಿಲ್ಲ, ಉರುಟಾಗಿ ಉಜ್ಜಿ ಕೂರಿಸಿದ್ದಾರೆ. ಇನ್ನೊಂದು ಕಡೆ ಯೂನಿಕಾರ್ನ್ ಕೊಂಬು ಅಂತ ಭಕ್ತಿಯಿಂದ ಕಾಪಾಡಿದ ಎರಡು ಮೀಟರ್ ಮೀರಿದ ಕೋಲು. ನಿಜದಲ್ಲಿ ಅದು ನಾರ್‌ವ್ಹೇಲ್ ಎಂಬ ತಿಮಿಂಗಿಲದ ದಂತ. ಖಜಾನೆಗೆ ಮಂಗಳವಾರ ರಜೆ, ನಿಮಗೆ ತೊಂದರೆಯಿಲ್ಲ.

ಬೆಲ್ವೆಡೇರ್‌ಗೆ ಜನ ಹೋಗುವುದು ಅರಮನೆಗೆ ಅಲ್ಲ, ಗುಸ್ತಾವ್ ಕ್ಲಿಮ್ಟ್‌ನ 'ಚುಂಬನ' ಚಿತ್ರಕ್ಕೆ. ಚಿನ್ನದ ರೇಕು ಹಚ್ಚಿದ ಚಿತ್ರ, ಹೋದರೆ ಖಂಡಿತ ನಿರಾಸೆ ಆಗುವುದಿಲ್ಲ. ಮುಂದೆ ಜನಜಂಗುಳಿ ಇರುತ್ತದೆ, ಅಷ್ಟೇ. ಇದೇ ಗೋಡೆಗಳ ಮೇಲೆ ಕ್ಲಿಮ್ಟ್‌ನ ಇನ್ನೊಂದು ಚಿನ್ನದ ಚಿತ್ರ, ಅಡೆಲೆ ಬ್ಲಾಕ್-ಬಾವರ್ ಎಂಬಾಕೆಯದ್ದು, ಬಹಳ ಕಾಲ ಇತ್ತು. ನಾಜಿಗಳು ಯಹೂದಿ ಮನೆತನದಿಂದ ಕಿತ್ತುಕೊಂಡ ಚಿತ್ರ ಅದು. ದೊಡ್ಡ ಕಾನೂನು ಹೋರಾಟದ ನಂತರ 2006ರಲ್ಲಿ ವಾರಸುದಾರರಿಗೆ ಕೊಡಬೇಕಾಯಿತು.

ಈ ವಿಷಯವನ್ನು ಇಲ್ಲಿಗೇ ಬಿಡುವುದು ಸರಿಯಲ್ಲ. ವಿಯೆನ್ನಾದ ಸಂಗೀತ, ವೈದ್ಯ, ಸಾಹಿತ್ಯ ಎಲ್ಲದರಲ್ಲೂ ಯಹೂದಿಗಳ ಪಾಲು ಬಹಳ ದೊಡ್ಡದು. ಗುಸ್ತಾವ್ ಮಾಲರ್ 1897ರಲ್ಲಿ ಒಪೆರಾದ ನಿರ್ದೇಶಕನಾಗುವ ಮುಂಚೆ ಕ್ಯಾಥೊಲಿಕ್ ಧರ್ಮಕ್ಕೆ ಸೇರಬೇಕಾಯಿತು, ಇಲ್ಲದಿದ್ದರೆ ಆ ಕೆಲಸ ಸಿಗುತ್ತಿರಲಿಲ್ಲ. 1938ರಲ್ಲಿ ಹಿಟ್ಲರ್ ಹೋಫ್‌ಬುರ್ಗ್‌ನ ಮಹಡಿಯಿಂದ ಭಾಷಣ ಮಾಡಿದಾಗ ಕೆಳಗಿನ ಮೈದಾನ ತುಂಬಿ ತುಳುಕಿತ್ತು. ವಿಯೆನ್ನಾ ಫಿಲ್‌ಹಾರ್ಮೋನಿಕ್ ಎಂಬ ಹೆಸರಾಂತ ವಾದ್ಯವೃಂದ ತನ್ನ ಯಹೂದಿ ವಾದಕರನ್ನು ಹೊರಗೆ ಹಾಕಿತು. ಟಿವಿಯಲ್ಲಿ ಲೋಕವೆಲ್ಲ ನೋಡುವ ಅದರ ಹೊಸವರ್ಷದ ಸಂಗೀತ ಕಚೇರಿ ಶುರುವಾದದ್ದೂ ಆ ಕಾಲದಲ್ಲೇ, 1939ರ ಡಿಸೆಂಬರ್ 31ರಂದು. ಊರ ನಡುವೆ ಯೂಡೆನ್‌ಪ್ಲಾಟ್ಸ್ ಎಂಬ ಚೌಕದಲ್ಲಿ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಒಂದು ಸ್ಮಾರಕವಿದೆ. ಪುಸ್ತಕಗಳ ಬೆನ್ನು ಗೋಡೆಗೆ ತಿರುಗಿಸಿ ಜೋಡಿಸಿದಂಥ ಕಾಂಕ್ರೀಟ್ ಕೋಣೆ, ಬಾಗಿಲಿಗೆ ಹಿಡಿ ಇಲ್ಲ. ಹತ್ತು ನಿಮಿಷ ಕೊಡಿ.

ಈಗ ಸಂಗೀತ. ಮೊದಲು ಒಪೆರಾ.

ಸ್ಟೇಟ್ ಒಪೆರಾ ಶುರುವಾದದ್ದು 1869ರಲ್ಲಿ, ಮೊಜಾರ್ಟ್‌ನ 'ಡಾನ್ ಜೊವಾನಿ'ಯಿಂದ. ಕಟ್ಟುವಾಗಲೇ ಊರವರು ಕಟ್ಟಡವನ್ನು ಎಷ್ಟು ಆಡಿಕೊಂಡರೆಂದರೆ, ಇಬ್ಬರು ವಾಸ್ತುಶಿಲ್ಪಿಗಳಲ್ಲಿ ಒಬ್ಬ ಆತ್ಮಹತ್ಯೆ ಮಾಡಿಕೊಂಡ. ಇನ್ನೊಬ್ಬ ಕೆಲವೇ ವಾರಗಳಲ್ಲಿ ತೀರಿಕೊಂಡ. ಇಬ್ಬರೂ ಉದ್ಘಾಟನೆ ನೋಡಲಿಲ್ಲ. 1945ರ ಮಾರ್ಚ್ 12ರಂದು ಬಾಂಬ್ ಬಿದ್ದು ಸಭಾಂಗಣ ಸುಟ್ಟುಹೋಯಿತು. ಮತ್ತೆ ಕಟ್ಟಿ 1955ರಲ್ಲಿ ಬೀಥೋವನ್ನನ 'ಫಿಡೆಲಿಯೋ'ದಿಂದ ತೆರೆದರು.

ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಹೆಚ್ಚುಕಡಿಮೆ ದಿನಾ ಪ್ರದರ್ಶನ ಇರುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು. ಕೆಳಗೆ ನುಡಿಸುವವರು ಯಾರು ಗೊತ್ತಾ? ಇದೇ ಒಪೆರಾದ ವಾದ್ಯವೃಂದದಿಂದಲೇ ವಿಯೆನ್ನಾ ಫಿಲ್‌ಹಾರ್ಮೋನಿಕ್‌ಗೆ ಜನರನ್ನು ಆರಿಸುತ್ತಾರೆ. ಫಿಲ್‌ಹಾರ್ಮೋನಿಕ್ ಕಚೇರಿಗೆ ಟಿಕೆಟ್ ಸಿಗದವರು ಒಪೆರಾಗೆ ಹೋದರೆ ಬಹುಪಾಲು ಅದೇ ಕೈಗಳನ್ನು ಕೇಳುತ್ತಾರೆ.

ನಿಂತು ನೋಡುವ ಟಿಕೆಟ್ ಅದೇ ದಿನ ಆನ್‌ಲೈನ್‌ನಲ್ಲೂ ಕೌಂಟರ್‌ನಲ್ಲೂ ಸಿಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಹಿಂದೆ, ಸರಿಯಾಗಿ ನಡುವಿನಲ್ಲಿ ನಿಲ್ಲುವ ಜಾಗ ಎಲ್ಲಕ್ಕಿಂತ ಒಳ್ಳೆಯದು. ವೇದಿಕೆ ನೇರ ಎದುರಿಗೆ ಕಾಣುತ್ತದೆ. ಒಳಗೆ ಹೋದ ತಕ್ಷಣ ಮುಂದಿನ ಕಂಬಿಗೆ ಒಂದು ಶಾಲು ಕಟ್ಟಿಬಿಡಿ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆಯೇ. ಅಲ್ಲಿ ಇದಕ್ಕೆ ಪೂರ್ತಿ ಮರ್ಯಾದೆ ಇದೆ, ಶಾಲು ಕಟ್ಟಿ ನೀವು ಹೊರಗೆ ಸುತ್ತಾಡಿ ಬರಬಹುದು. ಪ್ರತಿಯೊಬ್ಬರ ಮುಂದೆಯೂ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಅನುವಾದ ಓಡುತ್ತದೆ, ನಿಂತವರಿಗೂ.

ಮೂರು ಗಂಟೆ ನಿಲ್ಲುವುದು ನಿಮ್ಮ ಅಮ್ಮನಿಂದ ಆಗುವುದಿಲ್ಲ. ಅವರಿಗೆ ಮೇಲಿನ ಗ್ಯಾಲರಿಯಲ್ಲಿ ಒಂದು ಸೀಟು ಮೊದಲೇ ಬುಕ್ ಮಾಡಿ. ಅಗ್ಗದ ಸೀಟುಗಳಲ್ಲಿ ವೇದಿಕೆ ಅರ್ಧ ಕಾಣುವುದಿಲ್ಲ ಅಂತ ಬರೆದಿರುತ್ತಾರೆ, ಅದನ್ನು ಓದಿ ಆರಿಸಿ. ಬಾಕ್ಸ್‌ಗಳ ಹಿಂದಿನ ಸಾಲು ಮಾತ್ರ ಬೇಡ. ಅಲ್ಲಿ ಕೂತವರಿಗೆ ಮುಂದಿನವರ ತಲೆ ಬಿಟ್ಟರೆ ಏನೂ ಕಾಣುವುದಿಲ್ಲ.

ಯಾವ ಒಪೆರಾ ಅನ್ನುವುದೂ ಮುಖ್ಯ. ಮೊದಲ ಸಲ ವಾಗ್ನರ್ ಬೇಡ, ನಾಲ್ಕೈದು ಗಂಟೆ ಎಳೆಯುತ್ತಾನೆ. ನಿಮ್ಮ ದಿನಗಳಲ್ಲಿ ಮೊಜಾರ್ಟ್ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಪುಚ್ಚೀನಿಯ 'ಲಾ ಬೋಹೆಮ್' ಇದ್ದರೂ ಒಳ್ಳೆಯದು, ಉದ್ದ ಕಡಿಮೆ, ಕಥೆ ಸರಳ. ಹೋಗುವ ಮುಂಚೆ ಕಥೆ ಓದಿಕೊಳ್ಳಿ. ಕಥೆಯಲ್ಲಿ ಗುಟ್ಟು ಏನೂ ಇರುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಯಕ್ಷಗಾನಕ್ಕೆ ಹೋದವರು ಕೊನೆಗೆ ಕೀಚಕ ಸಾಯುತ್ತಾನೋ ಇಲ್ಲವೋ ಅಂತ ತಿಳಿಯಲು ಹೋಗುವುದಿಲ್ಲವಲ್ಲ! ವಿರಾಮದಲ್ಲಿ ಎದ್ದು ಬಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಬಟ್ಟೆಯ ಚಿಂತೆ ಬೇಡ. ಅಮ್ಮ ಮೈಸೂರು ರೇಷ್ಮೆ ಉಟ್ಟರೆ ಸಾಕು, ಆ ಸಭೆಯಲ್ಲಿ ಅವರಿಗಿಂತ ಚೆನ್ನಾಗಿ ಉಟ್ಟವರು ಇರಲಿಕ್ಕಿಲ್ಲ. ಕೋಟು, ದೊಡ್ಡ ಚೀಲ ಹೊರಗೆ ಒಪ್ಪಿಸಬೇಕು. ತಡವಾದರೆ ಬಾಗಿಲು ಹಾಕಿಬಿಡುತ್ತಾರೆ, ಅಲ್ಲಿ ದಯೆ ದಾಕ್ಷಿಣ್ಯ ಇಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಒಂದೆರಡು ಕಿವಿಮಾತು. ತೊಡೆಯ ಮೇಲೆ ತಾಳ ಹಾಕಬೇಡಿ, ಪಕ್ಕದವರು ತಿರುಗಿ ನೋಡುತ್ತಾರೆ. ಭಲೇ, ಶಭಾಷ್ ಮನಸ್ಸಿನಲ್ಲೇ ಇರಲಿ. ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ಒಂದು ಭಾಗ ಮುಗಿದಾಗ ಎಷ್ಟೇ ಖುಷಿಯಾದರೂ ಚಪ್ಪಾಳೆ ತಟ್ಟುವಂತಿಲ್ಲ, ಎಲ್ಲ ಮುಗಿದ ಮೇಲೆ ಮಾತ್ರ. ಅಮ್ಮನಿಗೆ ಮೊದಲು ಕಿರಿಕಿರಿಯಾಗುವುದು ಶ್ರುತಿಯ ವಿಷಯದಲ್ಲಿ. ತಂಬೂರಿ ಇಲ್ಲ, ಆಧಾರ ಷಡ್ಜ ಒಂದೇ ಕಡೆ ನಿಲ್ಲುವುದಿಲ್ಲ, ಮಧ್ಯದಲ್ಲೇ ಜಾಗ ಬದಲಿಸುತ್ತದೆ. ಅದೇ ಆ ಸಂಗೀತದ ಆಟ. ಬೇರೆಬೇರೆ ಸ್ವರಗಳು ಒಟ್ಟಿಗೆ ಮೊಳಗಿ, ಮನೆಯಿಂದ ದೂರ ಹೋಗಿ, ಕೊನೆಗೆ ಮನೆ ಸೇರುತ್ತವೆ. ವೀಣೆ ಕೈಗೆ ಇದನ್ನು ಹಿಡಿಯಲು ಬಹಳ ಹೊತ್ತು ಬೇಕಾಗುವುದಿಲ್ಲ.

ಸಿಂಫನಿ ಕೇಳಲು ಮುಝಿಕ್‌ಫೆರೈನ್ ಎಂಬ ಸಂಗೀತ ಭವನ. 1870ರ ಕಟ್ಟಡ. ಅದರ ಚಿನ್ನದ ಸಭಾಂಗಣದ ಧ್ವನಿ ಲೋಕಕ್ಕೇ ಹೆಸರು. ಉದ್ದಕ್ಕೆ, ಎತ್ತರಕ್ಕೆ ಇರುವ ಪೆಟ್ಟಿಗೆಯಂಥ ಆಕಾರ, ಮರದ ನೆಲ, ನೆಲದ ಕೆಳಗೆ ಟೊಳ್ಳು. ನಮ್ಮ ಮುಂಬೈಯ ಜುಬಿನ್ ಮೆಹ್ತಾ ಹೊಸವರ್ಷದ ಕಚೇರಿಯನ್ನು ಐದು ಸಲ ನಡೆಸಿದ್ದು ಇಲ್ಲೇ. ಅವರು ಕಲಿತದ್ದೂ ವಿಯೆನ್ನಾದಲ್ಲೇ, 1954ರಲ್ಲಿ ಹದಿನೆಂಟರ ಹುಡುಗನಾಗಿ ಬಂದು. ಹೊಸವರ್ಷದ ಕಚೇರಿಯ ಟಿಕೆಟ್ ಲಾಟರಿ ಎತ್ತಿ ಕೊಡುತ್ತಾರೆ, ಅದರ ಆಸೆ ಬಿಡಿ. ಉಳಿದ ದಿನಗಳಲ್ಲಿ ಬೇರೆ ತಂಡಗಳ ಒಳ್ಳೆಯ ಕಚೇರಿಗಳಿರುತ್ತವೆ.

ಒಂದು ಎಚ್ಚರಿಕೆ. ಸೇಂಟ್ ಸ್ಟೀಫನ್ ಚರ್ಚ್ ಮುಂದೆ, ಒಪೆರಾ ಮುಂದೆ ಬಿಳಿ ಟೋಪನ್, ಕೆಂಪು ಕೋಟು ಹಾಕಿಕೊಂಡ 'ಮೊಜಾರ್ಟ್'ಗಳು ನಿಮ್ಮನ್ನು ಹಿಡಿಯುತ್ತಾರೆ. "ಇಂಡಿಯಾ? ನಮಸ್ತೆ!" ಅಂತಲೇ ಶುರು ಮಾಡುತ್ತಾರೆ. ಇವರು ಪ್ರವಾಸಿಗರ ಕಚೇರಿಗಳ ಟಿಕೆಟ್ ಮಾರುವವರು. ಮೋಸ ಅನ್ನಲಾರೆ, ಸಂಗೀತ ಇರುತ್ತದೆ. ಆದರೆ ಹೆಚ್ಚಾಗಿ ಚಿಕ್ಕ ತಂಡ, ಚೂರುಪಾರು ಜನಪ್ರಿಯ ತುಣುಕುಗಳು, ಬೆಲೆ ಮಾತ್ರ ಒಪೆರಾದ ಒಳ್ಳೆಯ ಸೀಟಿನಷ್ಟು. 'ಒಪೆರಾ' ಅಂತ ಹೇಳಿ ಇನ್ನೆಲ್ಲಿಗೋ ಕಳಿಸುವುದೂ ಉಂಟು. ರಸ್ತೆಯಲ್ಲಿ ಏನೂ ಕೊಳ್ಳಬೇಡಿ.

ಭಾನುವಾರ ಬೆಳಿಗ್ಗೆ ಎಲ್ಲ ಬಿಟ್ಟು ಅಗಸ್ಟೀನಿಯನ್ ಚರ್ಚ್‌ಗೆ ಹೋಗಿ. ನನ್ನ ಮಟ್ಟಿಗೆ ನಿಮ್ಮ ಪ್ರವಾಸದ ಮುಖ್ಯ ಘಟ್ಟ ಇದೇ. ಹೋಫ್‌ಬುರ್ಗ್‌ಗೆ ಅಂಟಿಕೊಂಡ ರಾಜಮನೆತನದ ಚರ್ಚ್ ಇದು. ಮರಿಯಾ ತೆರೇಸಾಳ ಮದುವೆ, ಸಿಸಿಯ ಮದುವೆ ಎರಡೂ ಇಲ್ಲೇ ಆದವು. ಹಾಪ್ಸ್‌ಬರ್ಗ್‌ಗಳ ಹೃದಯಗಳನ್ನು ಬೆಳ್ಳಿ ಪಾತ್ರೆಗಳಲ್ಲಿ ಇಲ್ಲೇ ಇಟ್ಟಿದ್ದಾರೆ. ದೇಹ ಇನ್ನೊಂದು ಚರ್ಚಿನ ನೆಲಮಾಳಿಗೆಯಲ್ಲಿ. ವಿಚಿತ್ರ ಪದ್ಧತಿ! ಭಾನುವಾರ 11 ಗಂಟೆಯ ಪೂಜೆಯಲ್ಲಿ ಹೈಡನ್, ಮೊಜಾರ್ಟ್, ಶುಬರ್ಟ್ ಬರೆದ ಪೂಜಾ ಸಂಗೀತವನ್ನು ಗಾಯಕರು, ವಾದ್ಯವೃಂದ ಸಮೇತ ಹಾಡುತ್ತಾರೆ. ಶುಬರ್ಟ್ 17 ವರ್ಷದವನಿದ್ದಾಗ ಬರೆದ ಮೊದಲ ಪೂಜಾ ಸಂಗೀತವನ್ನು ಇಲ್ಲೂ ನುಡಿಸಿದ್ದರು. ಆ ವಾರದ ಕೃತಿ ಯಾವುದು ಅಂತ ಚರ್ಚಿನ ಪಟ್ಟಿಯಲ್ಲಿ ಇರುತ್ತದೆ. ಅರ್ಧ ಗಂಟೆ ಮೊದಲು ಹೋದರೆ ಅಮ್ಮನಿಗೆ ಕೂರಲು ಜಾಗ ಸಿಗುತ್ತದೆ. ಇದು ಕಚೇರಿ ಅಲ್ಲ, ಪೂಜೆ. ಫೋಟೋ, ಚಪ್ಪಾಳೆ, ಮಧ್ಯೆ ಎದ್ದು ಓಡಾಡುವುದು ಬೇಡ. ತಟ್ಟೆ ಬಂದಾಗ ಏನಾದರೂ ಹಾಕಿ.

ಅದೇ ದಿನ ಇದಕ್ಕಿಂತ ಮುಂಚೆ ಹೋಫ್‌ಬುರ್ಗ್‌ನ ಚಿಕ್ಕ ಪೂಜಾಮಂದಿರದಲ್ಲಿ ವಿಯೆನ್ನಾ ಬಾಯ್ಸ್ ಕ್ವಯರ್ ಎಂಬ ಹುಡುಗರ ಗಾಯನ ತಂಡ ಹಾಡುತ್ತದೆ. 1498ರಿಂದ ಬಂದ ಪರಂಪರೆ. ದುಡ್ಡು ಕೊಟ್ಟು ಸೀಟು ಹಿಡಿಯುವವರಿಗೆ ಗೊತ್ತಿರದ ಸಂಗತಿ ಏನೆಂದರೆ, ಹುಡುಗರು ಮೇಲೆ ಹಿಂದಿನ ಅಟ್ಟದಲ್ಲಿ ನಿಂತು ಹಾಡುತ್ತಾರೆ. ಕೇಳುತ್ತದೆ, ಕಾಣುವುದಿಲ್ಲ.

ಸಂಗೀತಗಾರರ ಮನೆಗಳ ಮ್ಯೂಸಿಯಂಗಳಿಗೆ ನಾನು ಅಷ್ಟು ಒತ್ತು ಕೊಡುವುದಿಲ್ಲ. ಬೀಥೋವನ್ ಬಾಡಿಗೆ ಮನೆ ಬದಲಾಯಿಸುತ್ತಲೇ ಇದ್ದವನು, ಎಲ್ಲಿ ನೋಡಿದರೂ ಅವನ ಹೆಸರಿನ ಫಲಕ. ಒಂದನ್ನು ನೋಡುವುದಾದರೆ ಹೈಲಿಗನ್‌ಸ್ಟಾಟ್‌ನದ್ದು. ಕಿವಿ ಹೋಗುತ್ತಿದೆ ಅಂತ ಖಾತ್ರಿಯಾದಾಗ, 1802ರಲ್ಲಿ, ತಮ್ಮಂದಿರಿಗೆ ಆ ಹತಾಶೆಯ ಪತ್ರ ಬರೆದದ್ದು ಆ ಕಡೆಯೇ. ಇಷ್ಟೆಲ್ಲ ಆದ ಮೇಲೂ 1824ರಲ್ಲಿ ಒಂಬತ್ತನೇ ಸಿಂಫನಿ ಕೊಟ್ಟ. ಅದನ್ನು ಮೊದಲು ನುಡಿಸಿದ ನಾಟಕಶಾಲೆ ಈಗ ಇಲ್ಲ. ಒಪೆರಾದ ಹಿಂದೆ, ಕೇಕಿಗೆ ಹೆಸರಾದ ಸಾಕರ್ ಹೋಟೆಲ್ ನಿಂತಿರುವ ಜಾಗದಲ್ಲಿ ಅದು ಇತ್ತು. ಕೇಕಿಗೆ ಸಾಲು ನಿಂತವರಲ್ಲಿ ಯಾರಿಗೂ ಇದು ಗೊತ್ತಿರುವುದಿಲ್ಲ.

ಬೀಥೋವನ್, ಶುಬರ್ಟ್, ಬ್ರಾಮ್ಸ್, ಯೋಹಾನ್ ಸ್ಟ್ರಾಸ್ (ಮೇಲೆ ಹೇಳಿದ ರಿಚರ್ಡ್ ಅಲ್ಲ) ಎಲ್ಲರ ಸಮಾಧಿಗಳು ಸೆಂಟ್ರಲ್ ಸ್ಮಶಾನದಲ್ಲಿ ಅಕ್ಕಪಕ್ಕ ಇವೆ. 71ನೇ ಟ್ರಾಮ್ ಹೋಗುತ್ತದೆ, ಎರಡನೇ ಗೇಟಿನಲ್ಲಿ ಇಳಿಯಬೇಕು. ಯಾರಾದರೂ ತೀರಿಕೊಂಡರೆ "71 ಹತ್ತಿದ" ಅನ್ನುವುದು ಆ ಊರಿನವರ ತಮಾಷೆ. ಮೊಜಾರ್ಟ್‌ಗೆ ಅಲ್ಲಿ ಸ್ಮಾರಕ ಮಾತ್ರ. ಅವನನ್ನು ಹೂಳಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ಸರಿಯಾದ ಜಾಗ ಯಾರಿಗೂ ಗೊತ್ತಿಲ್ಲ. ಸಮಯವಿದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ.

ಮೊಣಕಾಲು ನೋವಿರುವವರಿಗೆ ವಿಯೆನ್ನಾದಲ್ಲಿ ದೊಡ್ಡ ವರ ಅಂದರೆ ಟ್ರಾಮ್. 'ಡಿ' ಟ್ರಾಮನ್ನು ನೆನಪಿಟ್ಟುಕೊಳ್ಳಿ. ನೀವು ಬಂದಿಳಿಯುವ ಮುಖ್ಯ ರೈಲು ನಿಲ್ದಾಣದಿಂದ ಬೆಲ್ವೆಡೇರ್, ಒಪೆರಾ, ಹೋಫ್‌ಬುರ್ಗ್ ಬದಿ, ಪಾರ್ಲಿಮೆಂಟ್, ನಗರಸಭೆ ಎಲ್ಲ ದಾಟಿ ಊರಾಚೆಯ ದ್ರಾಕ್ಷಿ ತೋಟಗಳ ಬುಡದ ನುಸ್‌ಡಾರ್ಫ್‌ವರೆಗೆ ಹೋಗುತ್ತದೆ. ಶುಕ್ರವಾರ ಸಂಜೆ ಸಾಮಾನು ಇಟ್ಟು ಇದರಲ್ಲಿ ಕಿಟಕಿ ಪಕ್ಕ ಕೂತುಬಿಡಿ. ನಡುವೆ ಹಾದುಹೋಗುವ ಅಗಲ ರಸ್ತೆ ರಿಂಗ್‌ಸ್ಟ್ರಾಸೆ. ಅಲ್ಲಿ ಮೊದಲು ಕೋಟೆ ಗೋಡೆ ಇತ್ತು. 1857ರಲ್ಲಿ ಫ್ರಾನ್ಸ್ ಯೋಸೆಫ್ ಅದನ್ನು ಒಡೆಯಲು ಅಪ್ಪಣೆ ಕೊಟ್ಟ. ಈಗ ಕಾಣುವ ವೈಭವವೆಲ್ಲ ಆಮೇಲಿನದು. ಅದೆಲ್ಲ ಸುಮಾರು ನೂರೈವತ್ತು ವರ್ಷದ ಕಟ್ಟಡಗಳೇ, ಹಳೆಯ ಕಾಲದ ವೇಷ ಹಾಕಿವೆ ಅಷ್ಟೇ. ಕಾಗದದ ಟಿಕೆಟ್ ಆದರೆ ಮೆಷಿನ್‌ಗೆ ತೋರಿಸಿ ಮುದ್ರೆ ಹಾಕಿಸಿ. ಗೇಟು ಇಲ್ಲ ಅಂತ ಸುಮ್ನೆ ಹತ್ತಿದರೆ ಮಫ್ತಿಯಲ್ಲಿ ಬರುವ ತಪಾಸಣೆಯವರು 100 ಯೂರೋ ಮೀರಿದ ದಂಡ ಹಾಕುತ್ತಾರೆ.

ಸೇಂಟ್ ಸ್ಟೀಫನ್ ಚರ್ಚ್ ಶನಿವಾರ ನೋಡಿ. ದಕ್ಷಿಣದ ಗೋಪುರಕ್ಕೆ 343 ಮೆಟ್ಟಿಲು, ಮಗಳು ಹತ್ತಲಿ. ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ, ಅಮ್ಮ ಅದರಲ್ಲಿ ಹೋಗಿ 'ಪುಮ್ಮೆರಿನ್' ಎಂಬ ಸುಮಾರು 20 ಟನ್ನಿನ ಗಂಟೆಯನ್ನು ನೋಡಬಹುದು.

ಊಟದ ವಿಷಯ. ಸಸ್ಯಾಹಾರ ಸಿಗುತ್ತದೆ, ಎಚ್ಚರ ಬೇಕಾದ್ದು ಸೂಪ್‌ನಲ್ಲಿ. ದೋಸೆಯ ಚೂರು ಹಾಕಿದ ಸೂಪ್ ನೋಡಲು ಸಾಧು, ತಿಳಿ ಮಾತ್ರ ದನದ ಮಾಂಸದ್ದು. ಉಂಡೆಗಳಲ್ಲಿ ಹಂದಿಮಾಂಸ ಇರಬಹುದು. ಕೇಕುಗಳಲ್ಲಿ, ಸಾಕರ್ ಕೇಕಿನಲ್ಲೂ, ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಆಯ್ಕೆ ಕಡಿಮೆ, ಕೇಳಿಯೇ ತಿನ್ನಿ. ಇಂಡಿಯನ್ ಹೋಟೆಲ್‌ಗಳು ಸಾಕಷ್ಟಿವೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಮೊಸರು ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತದೆ, ಬಾಟಲಿ ಕೊಳ್ಳಬೇಡಿ.

ಕಾಫಿಗೆ ಮೆಲಾಂಜ್ ಕೇಳಿ, ಅರ್ಧ ಹಾಲು ಅರ್ಧ ಡಿಕಾಕ್ಷನ್ ಇದ್ದ ಹಾಗಿರುತ್ತದೆ. ಮೈಸೂರಿನ ಫಿಲ್ಟರ್ ಕಾಫಿಯವರಿಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ಜೊತೆಗೆ ಒಂದು ಲೋಟ ನೀರು ಬರುತ್ತದೆ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಮಾಣಿಗಳ ಮುಖ ಗಂಟಿಕ್ಕಿರುತ್ತದೆ, ಅದು ಅವರ ಸಂಪ್ರದಾಯ, ನಿಮ್ಮ ಮೇಲಿನ ಕೋಪ ಅಲ್ಲ. ಎಲ್ಲರೂ ಸಾಲು ನಿಲ್ಲುವ ಕೆಫೆ ಸೆಂಟ್ರಲ್ ಬಿಟ್ಟು ಕೆಫೆ ಸ್ಪೆರ್ಲ್‌ಗೆ ಹೋಗಿ.

ಹಾಲ್‌ಸ್ಟಾಟ್ ಈ ಸಲ ಬೇಡ. ಹೋಗಲು ಮೂರು ಗಂಟೆ ಮೀರುತ್ತದೆ, ಬರಲು ಅಷ್ಟೇ, ಮಧ್ಯೆ ರೈಲು ಬದಲಿಸಬೇಕು, ದೋಣಿಯಲ್ಲಿ ಕೆರೆ ದಾಟಬೇಕು. ಇರುವ ಮೂರು ಪೂರ್ತಿ ದಿನದಲ್ಲಿ ಒಂದು ದಿನ ಕಿಟಕಿಯಲ್ಲೇ ಕಳೆಯುತ್ತದೆ. ಆ ಊರು ಸಾಲ್ಸ್‌ಬರ್ಗ್ ಕಡೆಯದು, ಮ್ಯೂನಿಕ್‌ನಿಂದ ಸಾಲ್ಸ್‌ಬರ್ಗ್ ಹತ್ತಿರ. ಮಗಳ ಮನೆಯಿಂದಲೇ ಇನ್ನೊಮ್ಮೆ ಹೋಗಿ.

ಈಗಲೇ ಬುಕ್ ಮಾಡಬೇಕಾದ್ದು ಎರಡು: ಒಪೆರಾದಲ್ಲಿ ಅಮ್ಮನ ಸೀಟು, ಸೋಮವಾರ ಬೆಳಗಿನ ಷೋನ್‌ಬ್ರುನ್ ಸ್ಲಾಟ್. ಒಪೆರಾಗೆ ಶನಿವಾರಕ್ಕಿಂತ ಸೋಮವಾರ ಸೀಟು ಸುಲಭವಾಗಿ ಸಿಗಬಹುದು, ಎರಡೂ ದಿನ ಏನಿದೆ ಅಂತ ನೋಡಿ ತೀರ್ಮಾನಿಸಿ. ಎಲ್ಲ ಸೇರಿಸಿ ಮಾರುವ ಪಾಸ್‌ಗಳು ನಿಮ್ಮಂಥವರಿಗೆ ಲಾಭವಿಲ್ಲ, ದಿನಕ್ಕೆ ನಾಲ್ಕೈದು ಕಡೆ ಓಡುವವರಿಗೆ ಮಾತ್ರ ಅದರ ದುಡ್ಡು ಹುಟ್ಟುತ್ತದೆ. ನೀವು ಮತ್ತು ಮಗಳು ನಿಂತು ನೋಡುವ ಟಿಕೆಟ್ಟನ್ನು ಅದೇ ದಿನ ತೆಗೆದುಕೊಳ್ಳಿ. ಕಟ್ಟಲು ಎರಡು ಶಾಲು ಮರೆಯಬೇಡಿ.